ಕಾರಿನಲ್ಲಿ ಮಕ್ಕಳ ಸುರಕ್ಷತಾ ಆಸನ: ಆಯ್ಕೆ ಮತ್ತು ಬಳಕೆ

ಪೀಠಿಕೆ

ಮನೆಯವರೆಲ್ಲರೂ ಒಂದೇ ಕಾರಿನಲ್ಲಿ ಹೊರಟಾಗ ಹಸುಗೂಸು ತಾಯಿಯ ಮಡಿಲಿನಲ್ಲಿಯೂ, ನಡೆದಾಡುವ ಮಗು ಮುಂದಿನ ಎರಡು ಆಸನಗಳ ನಡುವೆ ನಿಂತುಕೊಂಡೂ ಪ್ರಯಾಣಿಸುವುದು ರಾಜ್ಯದ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಮನೆಯಲ್ಲಿ ಮಗುವಿಗೆ ಮಡಿಲಿಗಿಂತ ಸುರಕ್ಷಿತವಾದ ಸ್ಥಳವಿಲ್ಲ. ಆದರೆ ಚಲಿಸುವ ವಾಹನದಲ್ಲಿ ಆ ಮಾತು ಅನ್ವಯಿಸುವುದಿಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಲಿಸುತ್ತಿರುವ ಕಾರು ಅಪಘಾತದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಮಯದಲ್ಲಿ ನಿಂತುಹೋಯಿತೆಂದು ಭಾವಿಸಿದರೆ, 10 ಕಿ.ಗ್ರಾಂ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 140 ಕಿ.ಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕಾಗುತ್ತದೆ. ಯಾವ ತಾಯಿಯ ತೋಳಿಗೂ ಇದು ಸಾಧ್ಯವಾಗದು. ಅದೇ ವೇಗದ ಹೊಡೆತವು ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದ ಹೊಡೆತಕ್ಕೆ ಸಮಾನ. ಹಿರಿಯರು ತಮ್ಮ ಸೀಟ್ ಬೆಲ್ಟ್‌ನೊಳಗೆ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುವುದು ಇನ್ನೂ ಅಪಾಯಕಾರಿ. ಹಿರಿಯರ ದೇಹದ ಭಾರವೆಲ್ಲವೂ ಬೆಲ್ಟ್ ಮತ್ತು ಮಗುವಿನ ಮೇಲೆ ಬೀಳುತ್ತದೆ.

ಸುರಕ್ಷತಾ ಆಸನದ ಬಳಕೆಯಿಂದ ಶಿಶುಗಳ ಸಾವನ್ನು ಶೇ. 71ರಷ್ಟು ತಗ್ಗಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಕಾನೂನಿನ ಉಪಬಂಧ

ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಮೂಲಕ 194ಬಿ ಪ್ರಕರಣವನ್ನು ಸೇರಿಸಲಾಗಿದೆ. ಇದರಂತೆ 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಆಸನದ ಮೂಲಕ ಭದ್ರಪಡಿಸದೆ ವಾಹನವನ್ನು ಚಲಾಯಿಸುವವರಿಗೂ, ಹಾಗೆ ಚಲಾಯಿಸಲು ಅವಕಾಶ ನೀಡುವವರಿಗೂ ಅಧಿನಿಯಮವು ರೂ. 1000 ದಂಡವನ್ನು ವಿಧಿಸಿದೆ. ಆದ್ದರಿಂದ ಮಗುವಿನ ಸುರಕ್ಷತೆಯು ಪಾಲಕರ ಇಚ್ಛೆಗೆ ಮಾತ್ರ ಬಿಟ್ಟ ವಿಷಯವಲ್ಲ. ಚಾಲಕರ ಹೊಣೆಯೂ ಹೌದು.

ಮಕ್ಕಳಿಗೆ ಪ್ರತ್ಯೇಕ ಆಸನ ಏಕೆ?

ಮಗುವಿನ ದೇಹವು ಹಿರಿಯರ ದೇಹದ ಚಿಕ್ಕ ಪ್ರತಿಯಲ್ಲ. ನವಜಾತ ಶಿಶುವಿನ ತಲೆಯು ಅದರ ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ಈ ಭಾರವಾದ ತಲೆಯನ್ನು ಹೊತ್ತಿರುವ ಕತ್ತಿನ ಮೂಳೆ ಮತ್ತು ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಸೊಂಟದ ಮೂಳೆಯೂ ಪೂರ್ಣವಾಗಿ ರೂಪುಗೊಂಡಿರದ ಕಾರಣ, ಹಿರಿಯರ ಸೀಟ್ ಬೆಲ್ಟ್ ಕಟ್ಟಿದರೆ ಅದು ಮೇಲಕ್ಕೆ ಜಾರಿ ಮೃದುವಾದ ಹೊಟ್ಟೆಯನ್ನು ಒತ್ತುತ್ತದೆ. ಭುಜದ ಪಟ್ಟಿಯು ಕತ್ತಿಗೆ ತಗಲುತ್ತದೆ. ಮಗುವಿನ ಗಟ್ಟಿಯಾದ ಭಾಗಗಳ ಮೇಲೆ ಹೊಡೆತವನ್ನು ಹಂಚುವುದೇ ಸುರಕ್ಷತಾ ಆಸನದ ಕೆಲಸ.

ಬೆಳವಣಿಗೆಗೆ ತಕ್ಕ ನಾಲ್ಕು ಹಂತಗಳು

1. ಹಿಮ್ಮುಖ ಆಸನ: ಹುಟ್ಟಿದ ದಿನದಿಂದ ಮಗುವು ವಾಹನದ ಹಿಂಬದಿಗೆ ಮುಖಮಾಡಿ ಕುಳಿತುಕೊಳ್ಳಬೇಕು. ಎದುರಿನಿಂದ ಅಪಘಾತವಾದಾಗ ತಲೆ, ಕತ್ತು ಮತ್ತು ಬೆನ್ನನ್ನು ಆಸನದ ಬೆನ್ನೊರಗು ಒಟ್ಟಾಗಿ ತಡೆಯುತ್ತದೆ. ತೂಕವನ್ನು ಆಧರಿಸಿದ ವರ್ಗೀಕರಣದಲ್ಲಿ 10 ಕಿ.ಗ್ರಾಂವರೆಗಿನ ವರ್ಗ 0 ಮತ್ತು 13 ಕಿ.ಗ್ರಾಂವರೆಗಿನ ವರ್ಗ 0+ ಈ ಹಂತಕ್ಕೆ ಸೇರುತ್ತವೆ. ಎತ್ತರವನ್ನು ಆಧರಿಸಿದ ವಿಶ್ವಸಂಸ್ಥೆಯ ಆರ್-129 ನಿಯಮದಂತೆ 15 ತಿಂಗಳು ಮೀರುವವರೆಗೆ ಹಿಮ್ಮುಖ ಪ್ರಯಾಣ ಕಡ್ಡಾಯ.

2. ಒಳಪಟ್ಟಿಗಳುಳ್ಳ ಮುಮ್ಮುಖ ಆಸನ: 9ರಿಂದ 18 ಕಿ.ಗ್ರಾಂ ತೂಕದ ವರ್ಗ 1 ಇದಾಗಿದೆ. ಎರಡು ಭುಜ, ಸೊಂಟದ ಎರಡು ಬದಿ ಮತ್ತು ಕಾಲುಗಳ ನಡುವೆ, ಹೀಗೆ ಐದು ಕಡೆ ಪಟ್ಟಿಗಳು ಮಗುವನ್ನು ಹಿಡಿದಿಡುತ್ತವೆ.

3. ಬೂಸ್ಟರ್ ಆಸನ: 15ರಿಂದ 25 ಕಿ.ಗ್ರಾಂ ತೂಕದ ವರ್ಗ 2 ಮತ್ತು 22ರಿಂದ 36 ಕಿ.ಗ್ರಾಂ ತೂಕದ ವರ್ಗ 3ರ ಆಸನಗಳು ಮಗುವನ್ನು ಎತ್ತರಿಸಿ, ಕಾರಿನ ಸೀಟ್ ಬೆಲ್ಟ್ ಸರಿಯಾದ ಸ್ಥಳದಲ್ಲಿ ಕೂರುವಂತೆ ಮಾಡುತ್ತವೆ. ಬೆನ್ನೊರಗು ಇರುವ ಬೂಸ್ಟರ್ ಉತ್ತಮ. ನಿದ್ದೆ ಹೋದ ಮಗುವು ಪಕ್ಕಕ್ಕೆ ವಾಲುವುದನ್ನು ಅದು ತಡೆಯುತ್ತದೆ.

4. ಕಾರಿನ ಸೀಟ್ ಬೆಲ್ಟ್: ಮಗುವು ಸಾಮಾನ್ಯವಾಗಿ 135ರಿಂದ 150 ಸೆಂ.ಮೀ. ಎತ್ತರ ತಲುಪಿದ ನಂತರ ಮಾತ್ರ. ಬೆನ್ನು ಪೂರ್ತಿ ಹಿಂದಕ್ಕೆ ತಾಗಿರುವಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಿಯಬೇಕು. ಸೊಂಟದ ಪಟ್ಟಿ ತೊಡೆಯ ಮೇಲ್ಭಾಗದಲ್ಲಿಯೂ, ಭುಜದ ಪಟ್ಟಿ ಭುಜದ ಮಧ್ಯದಲ್ಲಿಯೂ ಇರಬೇಕು. ಪ್ರಯಾಣ ಮುಗಿಯುವವರೆಗೆ ಮಗುವು ಹಾಗೆಯೇ ಕುಳಿತಿರಲು ಶಕ್ತವಾಗಿರಬೇಕು.

ಮುಂದಿನ ಹಂತಕ್ಕೆ ಅವಸರ ಸಲ್ಲದು

ಹೊಸ ತರಗತಿಗೆ ಹೋದಂತೆ ಮುಂದಿನ ಆಸನಕ್ಕೆ ಹೋಗುವುದೂ ಬೆಳವಣಿಗೆಯ ಗುರುತೆಂದು ಅನೇಕ ಪಾಲಕರು ಭಾವಿಸುತ್ತಾರೆ. ವಾಸ್ತವವಾಗಿ ಪ್ರತಿ ಬದಲಾವಣೆಯಲ್ಲಿಯೂ ಮಗುವಿಗೆ ದೊರೆಯುವ ರಕ್ಷಣೆ ಸ್ವಲ್ಪ ಕಡಿಮೆಯಾಗುತ್ತದೆ. ಆದುದರಿಂದ ಹುಟ್ಟುಹಬ್ಬವನ್ನು ನೋಡಿ ಆಸನವನ್ನು ಬದಲಿಸಬಾರದು; ಮಗುವಿನ ತೂಕ ಅಥವಾ ಎತ್ತರವು ಆಸನಕ್ಕೆ ನಿಗದಿಪಡಿಸಿದ ಮಿತಿಯನ್ನು ತಲುಪಿದಾಗ ಮಾತ್ರ ಬದಲಿಸತಕ್ಕದ್ದು.

ಹಿಮ್ಮುಖವಾಗಿ ಕುಳಿತ ಮಗುವಿನ ಕಾಲುಗಳು ಮಡಿಚಿಕೊಂಡಿರುವುದು ಆಸನ ಚಿಕ್ಕದಾಯಿತೆಂಬುದರ ಸೂಚನೆಯಲ್ಲ. ತಲೆಯು ಆಸನದ ಮೇಲಂಚನ್ನು ಸಮೀಪಿಸುವುದು ನಿಜವಾದ ಸೂಚನೆ. ಮುಮ್ಮುಖ ಆಸನದಲ್ಲಿ ಭುಜಗಳು ಪಟ್ಟಿಯ ಅತಿ ಎತ್ತರದ ರಂಧ್ರವನ್ನು ಮೀರಿದಾಗ ಆ ಆಸನದ ಕಾಲ ಮುಗಿಯಿತೆಂದು ತಿಳಿಯಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಅ) ಭಾರತದಲ್ಲಿ ಮಕ್ಕಳ ಸುರಕ್ಷತಾ ಆಸನಗಳಿಗೆ ಸಂಬಂಧಿಸಿದ ಮಾನದಂಡ ಎ.ಐ.ಎಸ್-072. ವಿಶ್ವಸಂಸ್ಥೆಯ ಆರ್-44 ಅಥವಾ ಆರ್-129 ನಿಯಮದಂತೆ ಅನುಮೋದಿತವಾದ ಆಸನಗಳ ಮೇಲೆ ವೃತ್ತದೊಳಗೆ 'ಇ' ಅಕ್ಷರವುಳ್ಳ ಚೀಟಿ ಇರುತ್ತದೆ. ಯಾವ ಅನುಮೋದನೆಯ ಗುರುತೂ ಇಲ್ಲದ ಆಸನವನ್ನು ಕೊಳ್ಳಬಾರದು. ಬಟ್ಟೆಯ ಜೋಲಿಗಳು ಮತ್ತು ಮೆತ್ತೆಗಳು ಸುರಕ್ಷತಾ ಆಸನಗಳಲ್ಲ.

ಆ) ಸಾಧ್ಯವಾದಲ್ಲಿ ಆಸನವನ್ನು ಸ್ವಂತ ಕಾರಿನಲ್ಲಿ ಇಟ್ಟು ನೋಡಿಯೇ ಕೊಳ್ಳುವುದು ಒಳಿತು. ಕಾರಿನಲ್ಲಿ ಐಸೊಫಿಕ್ಸ್ ಕೊಂಡಿಗಳಿದ್ದರೆ ಅದಕ್ಕೆ ಹೊಂದುವ ಆಸನವನ್ನು ಆರಿಸಬಹುದು; ಇಲ್ಲದಿದ್ದಲ್ಲಿ ಸೀಟ್ ಬೆಲ್ಟ್‌ನಿಂದ ಬಿಗಿಯುವ ಆಸನವೂ ಸರಿಯಾಗಿ ಕೂರಿಸಿದರೆ ರಕ್ಷಣೆ ನೀಡುತ್ತದೆ.

ಇ) ಬಂಧುಗಳ ಮನೆಯಿಂದ ಬಂದ ಹಳೆಯ ಆಸನವನ್ನು ಬಳಸುವ ಮುನ್ನ ಅದು ಅಪಘಾತಕ್ಕೆ ಒಳಗಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪ್ಲಾಸ್ಟಿಕ್ ಬಿರುಕುಬಿಟ್ಟಿದ್ದರೆ, ಪಟ್ಟಿಗಳು ಸವೆದಿದ್ದರೆ ಅಥವಾ ತಯಾರಕರು ಸೂಚಿಸಿದ ಅವಧಿ ಮೀರಿದ್ದರೆ ಅದನ್ನು ಬಳಸಕೂಡದು.

ಈ) ಹೊಸ ಕಾರನ್ನು ಕೊಳ್ಳುವವರು ಭಾರತ್ ಎನ್‌ಕ್ಯಾಪ್ ಶ್ರೇಣಿಯನ್ನು ಪರಿಶೀಲಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮಕ್ಕಳ ರಕ್ಷಣೆಗೆ ಗರಿಷ್ಠ 49 ಅಂಕಗಳಿದ್ದು, ಪ್ರತ್ಯೇಕ ನಕ್ಷತ್ರ ಶ್ರೇಣಿ ನೀಡಲಾಗುತ್ತದೆ.

ಅಳವಡಿಸುವ ಕ್ರಮ

ಆಸನವನ್ನು ಕಾರಿನ ಹಿಂದಿನ ಸೀಟಿನಲ್ಲಿಯೇ ಅಳವಡಿಸಬೇಕು. ಚಾಲನೆಯಲ್ಲಿರುವ ಏರ್‌ಬ್ಯಾಗ್‌ನ ಎದುರು ಹಿಮ್ಮುಖ ಆಸನವನ್ನು ಎಂದಿಗೂ ಇಡಬಾರದು. ರಭಸದಿಂದ ಅರಳುವ ಏರ್‌ಬ್ಯಾಗ್ ಮಗುವಿನ ತಲೆಯ ಹಿಂದಿರುವ ಆಸನಕ್ಕೆ ಬಡಿದು ಪ್ರಾಣಾಪಾಯವಾಗಬಹುದು.

ಬಿಗಿದ ನಂತರ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಆಸನವನ್ನು ಹಿಡಿದು ಅಲುಗಾಡಿಸಿ ನೋಡಬೇಕು. ಅದು ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಹಿಮ್ಮುಖ ಆಸನದಲ್ಲಿ ಭುಜದ ಪಟ್ಟಿಗಳು ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನಿಂದಲೂ, ಮುಮ್ಮುಖ ಆಸನದಲ್ಲಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಮೇಲಿನಿಂದಲೂ ಹೊರಬರಬೇಕು. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಿ ಹಿಡಿಯಲು ಆಗದಿದ್ದರೆ ಅದು ಸಾಕಷ್ಟು ಬಿಗಿಯಾಗಿದೆ ಎಂದರ್ಥ. ದಪ್ಪನೆಯ ಸ್ವೆಟರ್ ಅಥವಾ ಶಾಲನ್ನು ಪಟ್ಟಿಯ ಅಡಿಯಲ್ಲಿ ಬಿಡಬಾರದು. ಚಳಿಯಿದ್ದಲ್ಲಿ ಪಟ್ಟಿ ಬಿಗಿದ ಮೇಲೆ ಹೊದಿಸಬಹುದು.

ಪ್ರಯಾಣದ ಸಮಯದಲ್ಲಿ

ಮಗುವು ಅತ್ತಾಗ ಚಲಿಸುವ ಕಾರಿನಲ್ಲಿಯೇ ಅದನ್ನು ಆಸನದಿಂದ ಎತ್ತಿಕೊಳ್ಳುವುದು ಸಾಮಾನ್ಯ. ಹಾಲೂಡಿಸಲು, ಬಟ್ಟೆ ಬದಲಿಸಲು ಅಥವಾ ಸಮಾಧಾನಪಡಿಸಲು ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಬೇಕು. ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆಯಾದರೂ ಮಗುವನ್ನು ಆಸನದಿಂದ ಹೊರತೆಗೆದು ವಿಶ್ರಾಂತಿ ನೀಡಬೇಕು.

ಮನೆಯ ಹತ್ತಿರದ ಅಂಗಡಿಗೆ ಹೋಗುವಾಗಲೂ ಆಸನದ ಬಳಕೆ ತಪ್ಪಬಾರದು. ಒಮ್ಮೆ ವಿನಾಯಿತಿ ದೊರೆತ ಮಗು ಮರುದಿನ ಪಟ್ಟಿಗೆ ಒಪ್ಪುವುದಿಲ್ಲ. ಸನ್‌ರೂಫ್‌ನಿಂದ ಹೊರಗೆ ತಲೆಹಾಕಿ ನಿಲ್ಲಲು ಮಕ್ಕಳಿಗೆ ಅವಕಾಶ ನೀಡಕೂಡದು. ಬಿಸಿಲಿನಲ್ಲಿ ನಿಂತಿದ್ದ ಕಾರಿನಲ್ಲಿ ಮಗುವನ್ನು ಕೂರಿಸುವ ಮುನ್ನ ಬಕಲ್‌ನ ಲೋಹದ ಭಾಗ ಕಾದಿದೆಯೇ ಎಂದು ಮುಟ್ಟಿ ನೋಡಬೇಕು. ಸ್ವಲ್ಪ ಹೊತ್ತಿಗಾದರೂ ಸರಿ, ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು.

ಹೊರಡುವ ಮುನ್ನ ಪರಿಶೀಲನಾ ಪಟ್ಟಿ

- ಆಸನವು ಮಗುವಿನ ಇಂದಿನ ತೂಕ ಮತ್ತು ಎತ್ತರಕ್ಕೆ ಹೊಂದುತ್ತಿದೆಯೇ?
- ಆಸನವು ಹಿಂದಿನ ಸೀಟಿನಲ್ಲಿ ಅಲುಗಾಡದೆ ನಿಂತಿದೆಯೇ?
- ಪಟ್ಟಿಗಳು ತಿರುಚಿಕೊಳ್ಳದೆ, ಬಿಗಿಯಾಗಿ ಕೂತಿವೆಯೇ?
- ನೀರಿನ ಬಾಟಲಿ, ಊಟದ ಡಬ್ಬಿ ಮುಂತಾದ ಗಟ್ಟಿ ವಸ್ತುಗಳನ್ನು ಮಗುವಿನ ಬಳಿಯಿಂದ ತೆಗೆದು ಭದ್ರವಾಗಿ ಇರಿಸಲಾಗಿದೆಯೇ?
- ಹಿರಿಯರೆಲ್ಲರೂ ತಮ್ಮ ಸೀಟ್ ಬೆಲ್ಟ್ ಧರಿಸಿದ್ದಾರೆಯೇ?

ಆಸನದ ಕೈಪಿಡಿ ಮತ್ತು ಕಾರಿನ ಕೈಪಿಡಿ ಎರಡನ್ನೂ ಓದಿ, ಎರಡರಲ್ಲಿಯೂ ಅನುಮತಿಸಿರುವ ರೀತಿಯಲ್ಲಿ ಮಾತ್ರ ಆಸನವನ್ನು ಅಳವಡಿಸತಕ್ಕದ್ದು. ಮಗುವು ಬೆಳೆಯುತ್ತಲೇ ಇರುವುದರಿಂದ ಕೆಲವು ತಿಂಗಳಿಗೊಮ್ಮೆ ಅದರ ತೂಕ ಮತ್ತು ಎತ್ತರವನ್ನು ನೋಡಿ, ಪಟ್ಟಿಗಳ ಮಟ್ಟವನ್ನು ಸರಿಪಡಿಸಿಕೊಳ್ಳುವುದು ಪಾಲಕರ ಕರ್ತವ್ಯವಾಗಿರುತ್ತದೆ.