‘ಲುಕ್ ಫಾರ್ವರ್ಡ್ ಟು’: ಎದುರು ನೋಡುವ ನುಡಿಗಟ್ಟಿನ ಸರಿಯಾದ ಬಳಕೆ

ವಿಜಯವಾಡದಿಂದ ಏಲೂರಿನ ಕಡೆಗೆ 16ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ಸಾಗಿದರೆ ಗನ್ನವರಂ ಸಿಗುತ್ತದೆ. ವಿಜಯವಾಡದ ವಿಮಾನ ನಿಲ್ದಾಣವಿರುವುದು ಕೃಷ್ಣಾ ಜಿಲ್ಲೆಯ ಈ ಊರಿನಲ್ಲಿಯೇ. ದೂರದೇಶಗಳಲ್ಲಿ ಓದುವ, ದುಡಿಯುವ ಮಕ್ಕಳನ್ನು ಕರೆತರಲು ಈ ಭಾಗದ ಹೆತ್ತವರು ಅಲ್ಲಿಗೆ ಹೋಗುತ್ತಾರೆ. ಹೊರಬರುವ ಬಾಗಿಲಿನ ಮುಂದೆ ನಿಂತು ಅವರು ಮಾಡುವುದನ್ನು ಕನ್ನಡದಲ್ಲಿ ‘ಎದುರು ನೋಡುವುದು’ ಎನ್ನುತ್ತೇವೆ. ತೆಲುಗಿನಲ್ಲಿ ಅದು ‘ಎದುರು ಚೂಡಡಂ’. ಇಂಗ್ಲಿಷಿನಲ್ಲಿ ‘ಲುಕ್ ಫಾರ್ವರ್ಡ್ ಟು’. ಮೂರು ಭಾಷೆಗಳಲ್ಲಿಯೂ ಚಿತ್ರ ಒಂದೇ: ಬರಲಿರುವುದರತ್ತ ಮುಖ ಮಾಡಿ ನೋಡುವುದು.

ಚಿತ್ರ ಒಂದೇ ಆದರೂ ವ್ಯಾಕರಣ ಬೇರೆ. ಆದುದರಿಂದಲೇ ಈ ನುಡಿಗಟ್ಟು ನಮ್ಮವರ ಪತ್ರಗಳಲ್ಲಿ ಮತ್ತೆ ಮತ್ತೆ ತಪ್ಪಾಗಿ ಕಾಣಿಸಿಕೊಳ್ಳುತ್ತದೆ. ಉದ್ಯೋಗದ ಅರ್ಜಿ, ವಿಶ್ವವಿದ್ಯಾಲಯದ ಪ್ರವೇಶಪತ್ರ, ಅತಿಥಿಗಳಿಗೆ ಕಳುಹಿಸುವ ಆಮಂತ್ರಣ ಇವೆಲ್ಲವೂ ಬಹುಮಟ್ಟಿಗೆ ಇದೇ ನುಡಿಗಟ್ಟಿನಿಂದ ಮುಗಿಯುತ್ತವೆ. ಪತ್ರವನ್ನು ಓದುವವರು ನಮ್ಮನ್ನು ಕಂಡವರಲ್ಲ. ಬರೆದ ವಾಕ್ಯದಿಂದಲೇ ಅವರು ನಮ್ಮನ್ನು ಅಳೆಯುತ್ತಾರೆ. ಕೊನೆಯ ಸಾಲು ಎಡವಿದರೆ ಆ ಎಡವಿದ ಸಾಲೇ ಅವರ ಮನಸ್ಸಿನಲ್ಲಿ ಉಳಿಯುವ ಸಂಭವವಿದೆ.

ಮೂರು ಸಾಮಾನ್ಯ ತಪ್ಪುಗಳು

ಮೊದಲನೆಯದು, ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’. ಇಲ್ಲಿ ‘ಮೀಟ್’ ಎಂಬುದು ‘ಮೀಟಿಂಗ್’ ಆಗಬೇಕು. ಸರಿಯಾದ ರೂಪ: ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’.

ಎರಡನೆಯದು, ‘ಐ ಆಮ್ ಲುಕಿಂಗ್ ಫಾರ್ವರ್ಡ್ ಯುವರ್ ರಿಪ್ಲೈ’. ಇಲ್ಲಿ ‘ಟು’ ಬಿಟ್ಟುಹೋಗಿದೆ. ಕನ್ನಡದಲ್ಲಿ ನಾವು ‘ನಿಮ್ಮ ಉತ್ತರವನ್ನು ಎದುರು ನೋಡುತ್ತೇವೆ’ ಎಂದು ದ್ವಿತೀಯಾ ವಿಭಕ್ತಿಯಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ದ್ವಿತೀಯೆಗೆ ಬೇರೆ ಪದ ಬೇಕಿಲ್ಲವಾದುದರಿಂದ ‘ಟು’ ಕೈಬಿಟ್ಟುಹೋಗುವುದು ಸಹಜ.

ಮೂರನೆಯದು, ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ವಿಸಿಟ್’. ತೆಲುಗಿನಲ್ಲಿ ‘ಮೀ ಕೋಸಂ ಎದುರು ಚೂಸ್ತುನ್ನಾಮು’ ಎನ್ನುವುದು ರೂಢಿ. ‘ಕೋಸಂ’ ಎಂದರೆ ‘ಸಲುವಾಗಿ’. ಕನ್ನಡದ ‘ನಿಮಗಾಗಿ’ ಎಂಬುದೂ ಇದೇ ಬಗೆಯದು. ‘ಸಲುವಾಗಿ’ ಎಂಬ ಈ ಭಾವವೇ ಇಂಗ್ಲಿಷಿಗೆ ಹೋದಾಗ ‘ಫಾರ್’ ಆಗುತ್ತದೆ. ಆದರೆ ಈ ನುಡಿಗಟ್ಟಿನಲ್ಲಿ ‘ಟು’ವಿನ ಸ್ಥಾನಕ್ಕೆ ‘ಫಾರ್’ ಸಲ್ಲುವುದಿಲ್ಲ.

‘ಟು’ವಿನ ಎರಡು ಮುಖಗಳು

ಮೊದಲ ತಪ್ಪಿನ ಮೂಲ ‘ಟು’ ಎಂಬ ಪದದಲ್ಲಿದೆ. ‘ಐ ವಾಂಟ್ ಟು ಮೀಟ್ ಯು’ ಎಂಬಲ್ಲಿ ‘ಟು’ ಕ್ರಿಯಾಪದಕ್ಕೆ ಸೇರಿದ್ದು. ಕನ್ನಡದ ‘ಕಾಣಲು’, ‘ಮಾಡಲು’ ಎಂಬಲ್ಲಿನ ‘ಅಲು’ ಪ್ರತ್ಯಯದ ಕೆಲಸವನ್ನು ಅದು ಮಾಡುತ್ತದೆ. ನಮ್ಮ ಶಾಲಾ ವ್ಯಾಕರಣ ಇಂತಹ ರೂಪವನ್ನು ಕೃದಂತಾವ್ಯಯವೆಂದು ಕರೆಯುತ್ತದೆ.

‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿನ ‘ಟು’ ಹಾಗಲ್ಲ. ಅದು ವಿಭಕ್ತಿಯ ಕೆಲಸ ಮಾಡುವ ಪದ. ‘ಕಡೆಗೆ’, ‘ಅತ್ತ’ ಎಂಬ ಅರ್ಥ ಅದಕ್ಕಿದೆ. ವಿಭಕ್ತಿ ಪ್ರತ್ಯಯ ಸೇರುವುದು ನಾಮಪದಕ್ಕೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿಯೂ ವಿಭಕ್ತಿಗಳ ವಿಚಾರ ಬರುವುದು ನಾಮಪ್ರಕರಣದಲ್ಲಿ. ಕ್ರಿಯೆಯೊಂದಕ್ಕೆ ವಿಭಕ್ತಿ ಹಚ್ಚಬೇಕಾದರೆ ನಾವು ಮೊದಲು ಅದನ್ನು ನಾಮವಾಗಿಸುತ್ತೇವೆ: ‘ಕಾಣು’ ಎಂಬುದು ‘ಕಾಣುವುದು’ ಆಗಿ, ಅನಂತರ ‘ಕಾಣುವುದನ್ನು’, ‘ಕಾಣುವುದಕ್ಕೆ’ ಎಂದಾಗುತ್ತದೆ. ಇದು ಕೃದಂತ ಭಾವನಾಮ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ‘ಇಂಗ್’ ಮಾಡುತ್ತದೆ. ‘ಮೀಟಿಂಗ್’ ಎಂದರೆ ಇಲ್ಲಿ ‘ಕಾಣುವುದು’.

ಆದುದರಿಂದ ನೆನಪಿನಲ್ಲಿಡಬೇಕಾದ ಸೂತ್ರ ಸರಳ. ‘ನಿಮ್ಮನ್ನು ಕಾಣುವುದನ್ನು ಎದುರು ನೋಡುತ್ತೇನೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಲೇಖನಿಗೆ ‘ಮೀಟಿಂಗ್’ ತಾನಾಗಿಯೇ ಬರುತ್ತದೆ. ‘ನಿಮ್ಮನ್ನು ಕಾಣಲು’ ಎಂದು ಹೇಳಿಕೊಂಡರೆ ‘ಮೀಟ್’ ಬಂದುಬಿಡುತ್ತದೆ.

ಸಂದೇಹ ಬಂದಾಗ ಒಂದು ಪರೀಕ್ಷೆ

‘ಟು’ವಿನ ಮುಂದೆ ‘ಇಟ್’ ಎಂಬ ಪದವನ್ನಿಟ್ಟು ನೋಡಬಹುದು. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸರಿಯಾದ ವಾಕ್ಯ. ಅಂದರೆ ‘ಟು’ ನಾಮಪದವನ್ನು ಬೇಡುತ್ತದೆ. ಕ್ರಿಯೆಯನ್ನಿಡುವುದಾದರೆ ‘ಇಂಗ್’ ಸೇರಿಸಲೇಬೇಕು. ‘ಐ ವಾಂಟ್ ಟು ಇಟ್’ ಎಂಬುದು ವಾಕ್ಯವೇ ಅಲ್ಲ. ಅಲ್ಲಿ ‘ಇಂಗ್’ ಸಲ್ಲದು. ‘ಐ ಹೋಪ್ ಟು ಮೀಟ್ ಯು’ ಎಂಬುದೂ ಇದೇ ಗುಂಪಿಗೆ ಸೇರಿದ್ದು. ಹೊಸದಾಗಿ ನಿಯಮ ಕಲಿತವರು ‘ಟು’ ಕಂಡಲ್ಲೆಲ್ಲಾ ‘ಇಂಗ್’ ಹಚ್ಚುವುದೂ ಉಂಟು. ಆ ಅತಿಯೂ ಬೇಡ.

ಇದೇ ಪರೀಕ್ಷೆ ಬೇರೆ ನುಡಿಗಟ್ಟುಗಳಿಗೂ ಒದಗುತ್ತದೆ. ನಮ್ಮ ಕಚೇರಿ ಪತ್ರಗಳಿಗೆ ಪ್ರಿಯವಾದ ‘ವಿತ್ ಎ ವ್ಯೂ ಟು’ ಎಂಬುದರ ಮುಂದೆ ‘ಇಂಪ್ರೂವಿಂಗ್’ ಬರಬೇಕೇ ಹೊರತು ‘ಇಂಪ್ರೂವ್’ ಅಲ್ಲ. ‘ಐ ಆಮ್ ಯೂಸ್ಡ್ ಟು ಲಿವಿಂಗ್ ಹಿಯರ್’ ಎಂದರೆ ಇಲ್ಲಿ ವಾಸಿಸುವುದು ನನಗೆ ಅಭ್ಯಾಸವಾಗಿದೆ ಎಂದರ್ಥ. ‘ಐ ಯೂಸ್ಡ್ ಟು ಲಿವ್ ಹಿಯರ್’ ಎಂದರೆ ಹಿಂದೆ ಇಲ್ಲಿ ವಾಸಿಸುತ್ತಿದ್ದೆ, ಈಗಿಲ್ಲ ಎಂದರ್ಥ. ಪರವೂರಿನಲ್ಲಿ ನೆಲೆನಿಂತವರಿಗೆ ಈ ಎರಡರ ಅಂತರ ಸಣ್ಣದಲ್ಲ.

ಎಲ್ಲಿ ಬಳಸಬಾರದು

ಇಂಗ್ಲಿಷಿನ ಈ ನುಡಿಗಟ್ಟಿನಲ್ಲಿ ಸಂತೋಷ ಅಡಗಿದೆ. ಬರಲಿರುವುದು ಪ್ರಿಯವಾದುದು ಎಂಬ ಸೂಚನೆ ಅದರೊಳಗೇ ಇದೆ. ಕನ್ನಡದ ‘ಎದುರು ನೋಡು’ ಅಷ್ಟು ಕಟ್ಟುನಿಟ್ಟಲ್ಲ. ತೀರ್ಪನ್ನೂ, ವೈದ್ಯರ ವರದಿಯನ್ನೂ ನಾವು ಆತಂಕದಿಂದಲೇ ಎದುರು ನೋಡುತ್ತೇವೆ. ಇಂಗ್ಲಿಷಿನಲ್ಲಿ ಶಸ್ತ್ರಚಿಕಿತ್ಸೆಯ ದಿನದ ಬಗ್ಗೆಯೋ ಉತ್ತರಕ್ರಿಯೆಗೆ ಬರುವ ಬಂಧುಗಳ ಬಗ್ಗೆಯೋ ‘ಲುಕಿಂಗ್ ಫಾರ್ವರ್ಡ್’ ಎಂದು ಬರೆದರೆ ಓದುವವರು ಬೆಚ್ಚುತ್ತಾರೆ. ವ್ಯಾಕರಣದ ತಪ್ಪನ್ನು ಜನ ನಕ್ಕು ಮರೆಯಬಹುದು. ದುಃಖದ ಪತ್ರದಲ್ಲಿ ನುಸುಳಿದ ಇಂತಹ ತಪ್ಪು ಮನಸ್ಸಿಗೆ ನೋವು ತರುತ್ತದೆ. ಅಂತಹ ಕಡೆ ‘ಎಕ್ಸ್‌ಪೆಕ್ಟ್’ ಅಥವಾ ‘ವೇಟ್ ಫಾರ್’ ಸಾಕು.

ಕಾಲರೂಪದಲ್ಲಿಯೂ ಭೇದವಿದೆ. ‘ಐ ಲುಕ್ ಫಾರ್ವರ್ಡ್’ ಎಂಬುದು ಅಧಿಕೃತ ಪತ್ರಕ್ಕೆ ಒಪ್ಪುವ ಗಂಭೀರ ರೂಪ. ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಎಂಬುದು ಆಪ್ತರಿಗೆ ಬರೆಯುವ ರೂಪ. ಇನ್ನು ‘ಹಿಯರಿಂಗ್ ಫ್ರಮ್ ಯು’ ಎಂದರೆ ನಿಮ್ಮಿಂದ ಉತ್ತರ ಬರುವುದು. ‘ಫ್ರಮ್’ ಬಿಟ್ಟರೆ ನಿಮ್ಮ ದನಿಯನ್ನು ಕೇಳುವುದು ಎಂದಾಗುತ್ತದೆ. ಬರಹದಲ್ಲಿ ‘ಫಾರ್ವರ್ಡ್’ ಮತ್ತು ಪುಸ್ತಕದ ಮುನ್ನುಡಿಯಾದ ‘ಫೋರ್‌ವರ್ಡ್’ ಇವೆರಡರ ಕಾಗುಣಿತ ಬೇರೆ ಬೇರೆ ಎಂಬುದನ್ನೂ ಗಮನಿಸಬೇಕು.

ಸರಿಯಾದ ವಾಕ್ಯಗಳು

‘ವಿ ಲುಕ್ ಫಾರ್ವರ್ಡ್ ಟು ಯುವರ್ ವಿಸಿಟ್.’ (ನಿಮ್ಮ ಆಗಮನವನ್ನು ಎದುರು ನೋಡುತ್ತೇವೆ.)

‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.’ (ನಿಮ್ಮ ಉತ್ತರವನ್ನು ಎದುರು ನೋಡುತ್ತೇನೆ.)

‘ಗ್ರ್ಯಾಂಡ್‌ಮದರ್ ಈಸ್ ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ದ ಚಿಲ್ಡ್ರನ್.’ (ಮಕ್ಕಳನ್ನು ಕಾಣುವುದನ್ನು ಅಜ್ಜಿ ಎದುರು ನೋಡುತ್ತಿದ್ದಾರೆ.)

ಮನೆಯ ಮಾತಿನ ಬೆಲೆ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಎಂಬ ಬದುಕು ಇಲ್ಲಿನ ನಮ್ಮ ಮಕ್ಕಳಿಗೆ ಹೊರೆಯೆಂದು ಕೆಲವರು ಚಿಂತಿಸುತ್ತಾರೆ. ಹಲವು ನುಡಿಗಳ ನಡುವಿನ ಬಾಳು ಈ ನೆಲಕ್ಕೆ ಹೊಸದಲ್ಲ. ಆದಿಕವಿ ಪಂಪನ ಪೂರ್ವಜರು ಏಲೂರಿನ ಬಳಿಯ ವೆಂಗಿ ನಾಡಿನವರು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ.

‘ಕಾಣಲು’ ಮತ್ತು ‘ಕಾಣುವುದನ್ನು’ ಎಂಬವುಗಳ ಅಂತರ ಬಲ್ಲ ಮಗುವಿಗೆ ‘ಟು ಮೀಟ್’ ಮತ್ತು ‘ಟು ಮೀಟಿಂಗ್’ ಎಂಬವುಗಳ ಅಂತರವನ್ನು ಐದು ನಿಮಿಷದಲ್ಲಿ ತಿಳಿಸಬಹುದು. ಕನ್ನಡವನ್ನು ಕೇವಲ ಕಿವಿಯಿಂದ ಬಲ್ಲ, ಓದು ಬರಹ ಕಲಿಯದ ಮಗುವಿಗೆ ಈ ಸೌಲಭ್ಯ ಸುಲಭವಾಗಿ ದೊರೆಯುವುದಿಲ್ಲ. ಅದು ಇಂಗ್ಲಿಷಿನ ನಿಯಮವನ್ನು ಬಾಯಿಪಾಠವಾಗಿಯೇ ಕಲಿಯಬೇಕಾಗುತ್ತದೆ. ಅಜ್ಜ ಅಜ್ಜಿಯರಿಗೆ ವಿಭಕ್ತಿ ಗೊತ್ತು, ಮೊಮ್ಮಕ್ಕಳಿಗೆ ಇಂಗ್ಲಿಷ್ ಗೊತ್ತು. ಮುಂದಿನ ಸಲ ಮನೆಯಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಇಬ್ಬರೂ ಒಂದೇ ಮೇಜಿನ ಬಳಿ ಕುಳಿತು ಕೊನೆಯ ಸಾಲನ್ನು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಲಿ. ಪತ್ರವೂ ಸರಿಯಾಗುತ್ತದೆ, ಕನ್ನಡವೂ ಮನೆಯಲ್ಲಿ ಉಳಿಯುತ್ತದೆ.