ಹಿಂದಿನ ಸಾಲಿಗೆ ಮರಳುವ ಯಂತ್ರ

ಹುಟ್ಟಿದ್ದು ಸಿಂದಗಿ ತಾಲೂಕು, ಸಂಗೀತ ಕಲಿತದ್ದು ಗದಗ, ಮಾಸ್ತರಿಕೆ ಮಾಡಿದ್ದು ಮುದ್ದೇಬಿಹಾಳ. ಕಣ್ಣು ಮೊದಲಿಂದಲೂ ಇಲ್ಲ. ಓದುವ ಹೊಸ ಸಾಧನ ಯಾವುದಾದರೂ ನನ್ನ ಕೈಯಲ್ಲಿ ಕಂಡರೆ ಜನ ಕೇಳುವುದು ಒಂದೇ: "ಎಷ್ಟ್ ಸಣ್ಣದೈತ್ರಿ ಸರ, ರೊಕ್ಕ ಎಷ್ಟ್?" ನನ್ನ ಪ್ರಶ್ನೆ ಬೇರೆ. ಓದಿದ ಸಾಲಿಗೆ ಮರಳಿ ಹೋಗಲಿಕ್ಕೆ ಬರುತ್ತದೋ ಇಲ್ಲವೋ? ವಚನ ಓದುವವನಿಗೆ ಇದು ಮುಖ್ಯ. ಒಮ್ಮೆ ಕೇಳಿ ಬಿಡುವ ಮಾತಲ್ಲ ಅದು.

ಒಂದು ಕಾಲಕ್ಕೆ ನಮ್ಮ ಸೀಮೆಯ ಹಾಡೆಲ್ಲ ಬಾಯಲ್ಲೇ ಇತ್ತು. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಅದಕ್ಕೂ ಮೊದಲೇ, 1923ರಲ್ಲಿ, ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದಿತ್ತು. 1993ರಲ್ಲಿ ಸಮಗ್ರ ವಚನ ಸಂಪುಟ 15 ಭಾಗಗಳಲ್ಲಿ ಬಂದಾಗ ಅದರ ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ, ನಮ್ಮ ಸಿಂದಗಿ ತಾಲೂಕಿನ ಯರಗಲ್ಲಿನವರು. ಬಾಗೇವಾಡಿಯ ಬಸವಣ್ಣನ ಮಾತು ಓಲೆಗರಿಯಿಂದ ಕಾಗದಕ್ಕೆ ಬಂದದ್ದರಲ್ಲಿ ನಮ್ಮ ಜಿಲ್ಲೆಯವರ ಕೈ ದೊಡ್ಡದು. ಅಭಿಮಾನದ ಸಂಗತಿಯೇ ಸರಿ. ಆದರೆ ಅಚ್ಚಾದ ಪುಸ್ತಕ ನಮ್ಮಂಥವರ ಪಾಲಿಗೆ ಬರೀ ಕಾಗದದ ವಾಸನೆ. ಹಾಡು ಬಾಯಲ್ಲಿದ್ದಾಗ ಕುರುಡನೂ ಕಣ್ಣಿದ್ದವನೂ ಅದರ ಮುಂದೆ ಸಮ ಇದ್ದರು.

ಬ್ರೈಲ್ ಬಂದ ಮೇಲೆ ಆ ಕಾಗದಕ್ಕೆ ಮಾತು ಬಂತು. ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ತನ್ನ ಹದಿನೈದರ ಹರೆಯದಲ್ಲಿ, ಆರು ಚುಕ್ಕೆಗಳ ಲಿಪಿ ಕಟ್ಟಿದ. ಮೈಸೂರಿನಲ್ಲಿ ಅಂಧರ ಶಾಲೆ ಶುರುವಾದದ್ದು 1901ರಲ್ಲಿ. ಭಾರತದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಎಂದು ತೀರ್ಮಾನವಾದದ್ದು 1951ರಲ್ಲಿ. ಗದಗಿನ ಪುಟ್ಟರಾಜ ಗವಾಯಿ ಅಜ್ಜಾರು ಭಗವದ್ಗೀತೆಯನ್ನೇ ಬ್ರೈಲಿಗೆ ತಂದರು.

ಬರೆಯುವ ರೀತಿ ಸ್ವಲ್ಪ ಹೇಳುತ್ತೇನೆ. ದಪ್ಪ ಕಾಗದವನ್ನು ಸ್ಲೇಟಿನಲ್ಲಿ ಸಿಗಿಸಿ, ಸ್ಟೈಲಸ್ಸಿನಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಹಾಳೆ ಮಗುಚಿದರೆ ಚುಕ್ಕೆಗಳು ಉಬ್ಬಿ, ಎಡದಿಂದ ಬಲಕ್ಕೆ ಓದಿಕೆ. ಆರು ಚುಕ್ಕೆಗಳ ಒಂದು ಜಾಗವೇ ಒಂದು ಮನೆ, ಅದರಲ್ಲಿ ಎಡ ಬಲ ಎರಡು ಸಾಲು. ಬ ಅಂದರೆ ಎಡಸಾಲಿನ ಮೇಲಿನ ಎರಡು ಚುಕ್ಕೆ. ಚುಚ್ಚುವಾಗ ಮಾತ್ರ ಅವು ಬಲಸಾಲಿನಲ್ಲಿ. ಒತ್ತಕ್ಷರ ಇಲ್ಲಿ ಕೆಳಗೆ ಜೋತುಬೀಳುವುದಿಲ್ಲ, ಮುಂದಾಗಿ ಒಂಟಿ ಚುಕ್ಕೆಯೊಂದು ಬಂದು ಸೂಚನೆ ಕೊಡುತ್ತದೆ. 'ಬಸವಣ್ಣ' ಬರೆಯಲು ಬ, ಸ, ವ, ಆ ಒಂಟಿ ಚುಕ್ಕೆ, ಣ, ಣ, ಹೀಗೆ ಆರು ಮನೆ ಬೇಕು.

ಬ್ರೈಲಿನಲ್ಲಿ ಹಿಂದಿನ ಸಾಲಿಗೆ ಹೋಗುವುದು ಬೆರಳು ಸರಿಸಿದಷ್ಟು ಸುಲಭ. ತೊಂದರೆ ಭಾರದ್ದು. ಅಚ್ಚಿನ ಒಂದು ಪುಸ್ತಕ ಬ್ರೈಲಿನಲ್ಲಿ ನಾಲ್ಕಾರು ಸಂಪುಟವಾಗುತ್ತದೆ. ಒಂದರ ಮೇಲೊಂದು ಒಟ್ಟಿದರೆ ಕೆಳಗಿನವುಗಳ ಚುಕ್ಕೆ ಚಪ್ಪಟೆ. ಅದನ್ನು ಹೊತ್ತು ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಬಸ್ಸಿನಲ್ಲಿ ಹೋಗುವುದು ಆಗುವ ಮಾತಲ್ಲ.

ಹಗುರಾಗಿದ್ದದ್ದು ರೇಡಿಯೋ. 1950ರಿಂದ ಧಾರವಾಡ ಆಕಾಶವಾಣಿ ನಮ್ಮ ಕಿವಿಗೆ ಬಿತ್ತು. ಆದರೆ ರೇಡಿಯೋಕ್ಕೆ "ಇನ್ನೊಮ್ಮೆ ಹೇಳು" ಅನ್ನಲಾದೀತೇ? ಕ್ಯಾಸೆಟ್ಟಿಗೆ ಅನ್ನಬಹುದಿತ್ತು. ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನು ನಾನು ಹಾಗೆಯೇ ಗುಂಡಿ ಒತ್ತಿ ಒತ್ತಿ ಕೇಳಿದವನು. ಒಂದು ಮಾತು ಹುಡುಕಲು ಹೋದರೆ ಹತ್ತು ಮಾತು ಹಿಂದೆ ಹೋಗಿ ನಿಲ್ಲುತ್ತಿತ್ತು. 1996ರಲ್ಲಿ ಹುಟ್ಟಿದ ಡೈಸಿ ಒಕ್ಕೂಟ ಈ ಕಾಟಕ್ಕೆ ಮದ್ದು ತಂದಿತು. ಅಧ್ಯಾಯ, ಪುಟ, ವಾಕ್ಯ ಎಂದು ಗುರುತು ಹಾಕಿದ ಧ್ವನಿ ಪುಸ್ತಕ ಅದು. ಅಂಗೈಯಲ್ಲಿ ಹಿಡಿಯುವ ಪ್ಲೇಯರಿನಲ್ಲಿ ಬೇಕಾದಲ್ಲಿಗೆ ಜಿಗಿಯಬಹುದು, ನಿಂತಲ್ಲಿ ಗುರುತಿಡಬಹುದು. ನನ್ನ ದೃಷ್ಟಿಯಲ್ಲಿ ಬ್ರೈಲಿನ ನಂತರದ ದೊಡ್ಡ ಸುಧಾರಣೆ ಇದೇ.

ಅಚ್ಚಿನ ಹಾಳೆಯನ್ನೇ ಓದಿ ಹೇಳುವ ಕರ್ಜ್‌ವೈಲ್ ಯಂತ್ರ ಅಮೆರಿಕದಲ್ಲಿ 1976ರಲ್ಲಿ ಬಂತು, ಬಟ್ಟೆ ತೊಳೆಯುವ ಯಂತ್ರದಷ್ಟು ದೊಡ್ಡದು. ಮೂವತ್ತು ವರ್ಷದಲ್ಲಿ ಅದು ಅಂಗೈಗಿಳಿಯಿತು. ಕನ್ನಡ ಮಾತ್ರ ಅದಕ್ಕೆ ಬರಲಿಲ್ಲ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ದೀರ್ಘ ಪಕ್ಕಕ್ಕೆ ಸರಿಯುತ್ತದೆ. ಒಂದು ಅಕ್ಷರ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯಬೇಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಎಂಬ ತಂತ್ರಾಂಶ ಮಾಡಿ ಈ ಗಂಟು ಬಿಡಿಸುವ ಕೆಲಸಕ್ಕೆ ಕೈಹಾಕಿತು. ಕಂಪ್ಯೂಟರಿನ ಪರದೆ ಓದಿ ಹೇಳುವ, ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದ ಎನ್‌ವಿಡಿಎ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ದನಿ ಮೊದಮೊದಲು ತಗಡು ಬಡಿದಂತಿತ್ತು, ಈಗ ಫೋನಿನ ದನಿ ಎಷ್ಟೋ ಮೇಲು. ವಚನ ಸಂಚಯ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡ್‌ನಲ್ಲಿ ಇವೆ. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿದ್ದನ್ನು ನಾನು ಹಾಸಿಗೆಯಲ್ಲಿ ಮಲಗಿ ಹುಡುಕುತ್ತೇನೆ.

ಆದರೂ ಕಿವಿಯ ಓದಿಗೆ ಒಂದು ಕೊರತೆ ಇದೆ. ಶ ಯಾವುದು, ಷ ಯಾವುದು ಅದಕ್ಕೆ ಗೊತ್ತಾಗದು. ನಮ್ಮ ಕಡೆ ಮಹಾಪ್ರಾಣದ ಗತಿಯಂತೂ ಹೇಳುವುದೇ ಬೇಡ. ಬರೀ ಕೇಳಿ ಬೆಳೆದ ಹುಡುಗರು ಕಾಗುಣಿತ ತಪ್ಪುತ್ತಾರೆ, ಅದಕ್ಕೆ ಅವರನ್ನು ಬೈದು ಫಲವಿಲ್ಲ. ಅವರಿಗೆ ಬೇಕಾದದ್ದು ಚುಕ್ಕೆಗಳು ತಾವೇ ಏಳುವ, ಇಳಿಯುವ ಬ್ರೈಲ್ ಯಂತ್ರ. ಅಂಥದ್ದೇ ಆರ್ಬಿಟ್ ರೀಡರ್ 20ರಲ್ಲಿ 20 ಮನೆ. 'ಬಸವಣ್ಣ'ನಂಥ ಮೂರು ಪದ, ನಡುವಿನ ಖಾಲಿ ಸೇರಿ, ಸಾಲು ಭರ್ತಿ. ದೆಹಲಿ ಐಐಟಿಯವರ ಡಾಟ್‌ಬುಕ್ 2019ರಲ್ಲಿ ಬಂತು, ಅದರಲ್ಲಿ 40 ಮನೆಯದೂ ಇದೆ. ಕನ್ನಡಕ್ಕೆ 40 ಇದ್ದರೇನೇ ಓದು ಓಡುತ್ತದೆ, ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ಗುಂಡಿ ಒತ್ತುವುದೇ ಕೆಲಸ.

ಇನ್ನೊಂದು ಸುಧಾರಣೆ ಯಂತ್ರದ ಹೊರಗೇ ಆಗಬೇಕು. ಮೊನ್ನೆ ಕಚೇರಿಯೊಂದರಿಂದ ಪಿಂಚಣಿ ಕಾಗದ ಫೋನಿಗೆ ಬಂತು. ಯುನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಹೊಡೆದದ್ದು. ಕಣ್ಣಿದ್ದವರಿಗೆ ಚಂದದ ಕನ್ನಡ. ನನ್ನ ಫೋನು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಒಂದೊಂದಾಗಿ ಎಣಿಸಿ ಹೇಳಿತು. ಕೊನೆಗೆ ಪಕ್ಕದ ಮನೆಯ ಹುಡುಗಿಯನ್ನು ಕರೆದು ಓದಿಸಿಕೊಂಡೆ. ನನ್ನ ಪಿಂಚಣಿ ಎಷ್ಟೆಂದು ಓಣಿಗೆಲ್ಲ ಗೊತ್ತಾಯಿತು.