ರಾತ್ರಿಯ ಸೂರು ಭಿಕ್ಷೆಯಲ್ಲ

ನಗರದ ಬೀದಿಯಲ್ಲಿ ಮಲಗುವವರ ಮಾತು ಬಂದಾಗಲೆಲ್ಲ ಎರಡು ದನಿ ಕೇಳುತ್ತವೆ. ಒಂದು ಕರುಣೆಯದು: ‘ಪಾಪ, ಚಳಿಗೆ ಒಂದು ಕಂಬಳಿ ಕೊಡೋಣ.’ ಇನ್ನೊಂದು ಅಸಹ್ಯದ್ದು: ‘ಇವರನ್ನೆಲ್ಲ ಲಾರಿಗೆ ತುಂಬಿಕೊಂಡು ಎಲ್ಲಾದರೂ ಬಿಟ್ಟು ಬರಬಾರದಾ?’ ಕಂಬಳಿ ಹೊದಿಸುವ ಕೈ ಬೇರೆ, ಲಾರಿಗೆ ತುಂಬುವ ಕೈ ಬೇರೆ ಅಂತ ನಾವು ತಿಳಿದಿದ್ದೇವೆ. ಚರಿತ್ರೆ ತೆಗೆದು ನೋಡಿದರೆ ಎರಡೂ ಒಂದೇ ಮೈಯಿನ ಕೈಗಳು. ಫುಟ್‌ಪಾತಿನ ಮೇಲೆ ಮಲಗಿದವನು ಹಕ್ಕುಳ್ಳ ಮನುಷ್ಯ ಅನ್ನುವುದನ್ನು ಎರಡೂ ಒಪ್ಪುವುದಿಲ್ಲ. ನಗರಸಭೆಗಳು ನಡೆಸುವ ರಾತ್ರಿ ವಸತಿಗಳ ಕಥೆಯನ್ನು ನಾವು ಬೀಗಗಳ ಕಥೆಯಾಗಿ ಓದಬೇಕು. ಯಾರನ್ನು ಹೊರಗಿಟ್ಟು ಬೀಗ ಹಾಕಿದರು? ಯಾರನ್ನು ಒಳಗಿಟ್ಟು ಬೀಗ ಹಾಕಿದರು? ಬೀಗವಿಲ್ಲದ ಬಾಗಿಲು ತೆರೆದದ್ದು ಯಾವಾಗ, ಯಾರ ಹೆಣ ಬಿದ್ದ ಮೇಲೆ?

ಮೊದಲು ಹೊರಗಿಟ್ಟ ಬೀಗ. ದಾರಿಹೋಕರಿಗೆ ಸೂರು ಕೊಡುವುದು ದೊಡ್ಡ ಪುಣ್ಯ ಅಂತ ರಾಜರು, ಸಾಹುಕಾರರು ಈ ನಾಡಿನ ತುಂಬ ಛತ್ರ ಕಟ್ಟಿಸಿದರು, ಹೆಸರು ಕೆತ್ತಿಸಿದರು. ಆ ಪುಣ್ಯದ ಜಗಲಿ ಹತ್ತಲು ಹೊಲೆಯರಿಗೆ, ಮಾದಿಗರಿಗೆ ಹಕ್ಕಿರಲಿಲ್ಲ. ಸ್ವಂತ ಊರಲ್ಲೇ ಊರ ಹೊರಗೆ ಬಿದ್ದಿದ್ದವರಿಗೆ ಪರವೂರಲ್ಲಿ ಎಲ್ಲಿಯ ಜಾಗ? 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಹಿಂದೂ ಹೋಟೆಲಿನಲ್ಲಿ ಜಾತಿ ಕೇಳುತ್ತಾರೆ ಅಂತ ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಡು ಅಂದಿತು. ಹಿಂದೂ ಸ್ನೇಹಿತನ ಮನೆಯೂ ಸಿಗಲಿಲ್ಲ, ಕ್ರೈಸ್ತ ಸ್ನೇಹಿತನ ಮನೆಯೂ ಸಿಗಲಿಲ್ಲ. ಸಾರ್ವಜನಿಕ ತೋಟವೊಂದರಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಕೈಯಲ್ಲಿ ಪದವಿ ಇತ್ತು, ಹುದ್ದೆ ಇತ್ತು, ಬಾಡಿಗೆ ಕೊಡಲು ದುಡ್ಡಿತ್ತು. ಆದರೂ ಆ ದಿನ ಆ ನಗರದಲ್ಲಿ ಅವರು ಸೂರಿಲ್ಲದವರು. ಸೂರಿಲ್ಲದಿರುವುದು ಬರೀ ದುಡ್ಡಿನ ಪ್ರಶ್ನೆ ಅನ್ನುವವರು ಈ ತೋಟದ ಕಡೆ ಒಮ್ಮೆ ನೋಡಬೇಕು.

1923ರಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಒಂದು ಗೊತ್ತುವಳಿ ತಂದರು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದಿತ್ತು. ಇದೇ ಗೊತ್ತುವಳಿಯ ಬಲದ ಮೇಲೆ 1927ರಲ್ಲಿ ಮಹಾಡದ ಚವದಾರ ಕೆರೆಯ ಹೋರಾಟ ನಡೆಯಿತು. ಕೆರೆಯ ನೀರಿನ ಕಥೆ ನಮಗೆಲ್ಲ ಗೊತ್ತು. ನೀರಿನ ಪಕ್ಕದಲ್ಲೇ ಸೂರೂ ಇತ್ತು ಅನ್ನೋದನ್ನು ನಾವು ಮರೆತಿದ್ದೇವೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲೂ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಹೆಸರಿದೆ. ರಾತ್ರಿಯ ಸೂರು ನಮ್ಮ ಚಳವಳಿಗೆ ಹೊರಗಿನಿಂದ ಬಂದ ವಿಷಯವಲ್ಲ.

ಇನ್ನು ಒಳಗಿಟ್ಟ ಬೀಗ. ಇಂಗ್ಲೆಂಡು 1824ರಲ್ಲಿ ಅಲೆಮಾರಿಗಳ ಕಾಯ್ದೆ ಮಾಡಿತು. ಬಯಲಲ್ಲೋ ಕೊಟ್ಟಿಗೆಯಲ್ಲೋ ಮಲಗಿ, ತಾನು ಯಾರು ಏನು ಅಂತ ಸರಿಯಾಗಿ ಹೇಳಲಾಗದವನು ಅಪರಾಧಿ. ಬಡತನವನ್ನೇ ಅಪರಾಧ ಮಾಡುವ ಈ ವಿದ್ಯೆಯನ್ನು ಬ್ರಿಟಿಷರು ಇಲ್ಲಿಗೂ ತಂದರು. 1943ರಲ್ಲಿ ಬಂಗಾಳದ ಕ್ಷಾಮ. ಹೊಲದ ಕೂಲಿಗಳು, ಮೀನುಗಾರರು ಗಂಜಿಗಾಗಿ ಕಲಕತ್ತೆಗೆ ಬಂದು ಬೀದಿಯಲ್ಲಿ ಸತ್ತರು. ಅದೇ ವರ್ಷ ಬಂಗಾಳದಲ್ಲಿ ಅಲೆಮಾರಿಗಳ ಕಾಯ್ದೆ ಬಂತು, ಹಸಿದವರನ್ನು ಬೀದಿಯಿಂದ ಎತ್ತಿ ಶಿಬಿರಗಳಿಗೆ ಸಾಗಿಸುವ ಆಜ್ಞೆಯೂ ಬಂತು. ಮರುವರ್ಷ, 1944ರಲ್ಲಿ, ಮೈಸೂರು ಸಂಸ್ಥಾನ ಭಿಕ್ಷಾಟನೆ ನಿಷೇಧದ ಕಾಯ್ದೆ ಮಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಬೀಗ ಸಡಿಲವಾಯಿತೇ? ಇಲ್ಲ, ಇನ್ನಷ್ಟು ಗಟ್ಟಿಯಾಯಿತು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಓದಿ ನೋಡಿ. ಕೈ ಚಾಚಿದವನಷ್ಟೇ ಭಿಕ್ಷುಕನಲ್ಲ. ಕಣ್ಣಿಗೆ ಕಾಣುವ ಜೀವನಾಧಾರವಿಲ್ಲದೆ, ಬೇಡಿ ಬದುಕುವವನ ಹಾಗೆ ತೋರುತ್ತ ಸಾರ್ವಜನಿಕ ಜಾಗದಲ್ಲಿ ತಿರುಗುವವನೂ ಭಿಕ್ಷುಕನೇ! ಮೊದಲ ಸಲ ಸಿಕ್ಕಿಬಿದ್ದರೆ ಒಂದರಿಂದ ಮೂರು ವರ್ಷ, ಮತ್ತೆ ಮತ್ತೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ ಕೂಡಿಹಾಕಬಹುದು. ಹರಿದ ಬಟ್ಟೆಯೇ ಸಾಕ್ಷಿ, ಕೆದರಿದ ತಲೆಯೇ ಸಾಕ್ಷಿ. ಇಡೀ ದಿನ ಮೂಟೆ ಹೊತ್ತು ದಣಿದು ಬಿದ್ದವನ ಬೆವರು ಯಾವ ಸಾಹೇಬನ ಕಣ್ಣಿಗೂ ‘ಜೀವನಾಧಾರ’ ಅಂತ ಕಾಣುವುದಿಲ್ಲ.

ನಮ್ಮ ಕರ್ನಾಟಕದಲ್ಲಿ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರನಿಗೆ ಭೂಮಿ ಬಂತು, ಅದು ದೊಡ್ಡ ಕೆಲಸವೇ. ಆದರೆ ಗೇಣಿಯ ಚೀಟಿಯೂ ಇಲ್ಲದೆ ಬರೀ ಕೂಲಿ ಮಾಡಿದ ಕೇರಿಯ ಜನರಲ್ಲಿ ಬಹುಪಾಲಿಗೆ ಭೂಮಿ ಬರಲಿಲ್ಲ. ಭೂಮಿ ಇಲ್ಲದವರು ಗುಳೆ ಹೊರಟರು. 1975ರಲ್ಲಿ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಇದಕ್ಕೆ ಹಣ ಹೇಗೆ? ಸ್ಥಳೀಯ ಸಂಸ್ಥೆಗಳ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಕರ. ಬಡವನನ್ನು ಕೂಡಿಹಾಕಲಿಕ್ಕೆ ಪ್ರತ್ಯೇಕ ಕರ ಹಾಕಲು ಸರ್ಕಾರಕ್ಕೆ ಬುದ್ಧಿ ಹೊಳೆಯಿತು. ಬಡವ ತಾನಾಗಿ ಬಂದು ಮಲಗಿ, ಬೆಳಿಗ್ಗೆ ಎದ್ದು ಕೂಲಿಗೆ ಹೋಗುವ ಒಂದು ಚಾವಣಿಗೆ ಇಂಥದೊಂದು ಕರ ಹಾಕಬೇಕೆಂದು ಆಗ ಹೊಳೆಯಲಿಲ್ಲ.

ಮುಂಬಯಿಗೆ ಬರೋಣ. 1981ರ ಜುಲೈ, ಸುರಿಯುವ ಮಳೆಗಾಲ. ಫುಟ್‌ಪಾತ್ ವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಸಾಗಿಸುತ್ತೇವೆ ಎಂದು ಮುಖ್ಯಮಂತ್ರಿ ಅಂತುಲೆ ಘೋಷಿಸಿದರು. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಸೇಲಂ ಜಿಲ್ಲೆಯ ಒಬ್ಬ ಭೂರಹಿತ ಕೂಲಿ ಇದ್ದ. ಬರಗಾಲಕ್ಕೆ ಕೆಲಸ ಹೋಗಿ 1961ರಲ್ಲಿ ಮುಂಬಯಿಗೆ ಬಂದವನು. ದಿನಕ್ಕೆ 23 ರೂಪಾಯಿ ಕೂಲಿ. ಹೆದ್ದಾರಿಯ ಪಕ್ಕದ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆಯ ಒಂದು ಗುಡಿಸಲಿಗೆ ಅಲ್ಲಿನ ದಾದಾನಿಗೆ 2,500 ರೂಪಾಯಿ ತೆತ್ತಿದ್ದ. ನಗರಪಾಲಿಕೆ ಅದನ್ನು ಕಿತ್ತು, ಅವನ ಸಂಸಾರವನ್ನು ಸೇಲಂ ಬಸ್ಸಿಗೆ ಹತ್ತಿಸಿತು. ಹೆಂಡತಿ ಮಕ್ಕಳು ಅಲ್ಲೇ ಉಳಿದರು. ಅವನು ಮತ್ತೆ ಮುಂಬಯಿಗೇ ಬಂದ, ಮತ್ತೆ ಫುಟ್‌ಪಾತಿಗೇ ಬಂದ. ಊರಲ್ಲಿ ಅನ್ನ ಇದ್ದಿದ್ದರೆ ಯಾರು ಬರ್ತಿದ್ದರು?

1985ರಲ್ಲಿ ತೀರ್ಪು ಬಂತು. ಅದನ್ನು ಓಲ್ಗಾ ಟೆಲ್ಲಿಸ್ ಮೊಕದ್ದಮೆ ಅನ್ನುತ್ತಾರೆ. ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ದೊಡ್ಡ ಮಾತು. ಆದರೆ ಅದೇ ತೀರ್ಪು, ಫುಟ್‌ಪಾತ್ ಇರುವುದು ನಡೆಯಲಿಕ್ಕೆ, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್ 31ರ ನಂತರ ಎಬ್ಬಿಸಬಹುದು ಎಂದೂ ಹೇಳಿತು. ಹಕ್ಕು ಕೊಟ್ಟಿತು, ಜಾಗ ಕೊಡಲಿಲ್ಲ.

1988-89ರಲ್ಲಿ ಕೇಂದ್ರ ಸರ್ಕಾರ ಫುಟ್‌ಪಾತ್ ವಾಸಿಗಳಿಗೆ ರಾತ್ರಿ ವಸತಿ ಕಟ್ಟುವ ಯೋಜನೆ ತಂದಿತು. ರಾಜ್ಯಗಳು ಕೈ ಹಾಕಲು ಮನಸ್ಸು ಮಾಡಲಿಲ್ಲ. ಸೂರಿಲ್ಲದವನಿಗೆ ವಿಳಾಸವಿಲ್ಲ, ವಿಳಾಸವಿಲ್ಲದವನಿಗೆ ಓಟಿಲ್ಲ, ಓಟಿಲ್ಲದವನ ಯೋಜನೆಗೆ ದಿಕ್ಕಿಲ್ಲ. 2005ರಲ್ಲಿ ಕೇಂದ್ರವೂ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಲೆಕ್ಕ ಏನಾಗುತ್ತಿತ್ತು? ಜನಗಣತಿಯ ಪ್ರಕಾರ 2001ರಲ್ಲಿ ನಗರಗಳಲ್ಲಿ ಮನೆಯಿಲ್ಲದವರು 7.78 ಲಕ್ಷ, 2011ರಲ್ಲಿ 9.38 ಲಕ್ಷ. ಹಳ್ಳಿಗಳಲ್ಲಿ ಈ ಸಂಖ್ಯೆ ಇಳಿಯಿತು, ನಗರಗಳಲ್ಲಿ ಏರಿತು. ಇದೂ ಒಂದೇ ರಾತ್ರಿಯಲ್ಲಿ ಎಣಿಸಿದ ಲೆಕ್ಕ. ಸೇತುವೆ ಕೆಳಗೆ, ಕಟ್ಟುತ್ತಿರುವ ಕಟ್ಟಡದ ಮೂಲೆಯಲ್ಲಿ, ಅಂಗಡಿ ಮೆಟ್ಟಿಲ ಮೇಲೆ ಮಲಗಿದವರನ್ನೆಲ್ಲ ಎಣಿಸುವವನು ಕಂಡನೇ? ಪೊಲೀಸರ ಭಯಕ್ಕೆ ಕತ್ತಲಲ್ಲಿ ಅಡಗಿ ಮಲಗುವ ಹೆಂಗಸು ಆ ಲೆಕ್ಕಕ್ಕೆ ಸಿಕ್ಕಳೇ? ಬೀದಿಯ ಹೆಂಗಸಿಗೆ ರಾತ್ರಿ ಅಂದರೆ ನಿದ್ದೆಯಲ್ಲ, ಮೈಗಾವಲು.

ಬೀಗವಿಲ್ಲದ ಬಾಗಿಲು ತೆರೆದದ್ದು ದೆಹಲಿಯಲ್ಲಿ, ಅದೂ ಹೆಣ ಬಿದ್ದ ಮೇಲೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನಗರ ಸಿಂಗಾರವಾಗುತ್ತಿದ್ದ ಕಾಲ. 2009ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ರಾತ್ರಿ ವಸತಿಯನ್ನು ನಗರಪಾಲಿಕೆ ಕೆಡವಿತು. ಬೀದಿಗೆ ಬಿದ್ದವರಲ್ಲಿ ಜನ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂತು. ದೆಹಲಿ ಹೈಕೋರ್ಟು ತಾನಾಗಿಯೇ ಮೊಕದ್ದಮೆ ಕೈಗೆತ್ತಿಕೊಂಡಿತು. ಅತ್ತ ಸುಪ್ರೀಂ ಕೋರ್ಟಿನಲ್ಲಿ 2001ರಿಂದ ಆಹಾರದ ಹಕ್ಕಿನ ಮೊಕದ್ದಮೆ ನಡೆದಿತ್ತು. ಅದರ ಆಯುಕ್ತರಾಗಿದ್ದ ಎನ್. ಸಿ. ಸಕ್ಸೇನಾ ಮತ್ತು ಹರ್ಷ ಮಂದರ್ ಈ ಸಾವುಗಳ ಬಗ್ಗೆ ಕೋರ್ಟಿಗೆ ಬರೆದರು. 2010ರ ಜನವರಿಯಲ್ಲಿ ಕೂಡಲೇ ಸೂರು ಒದಗಿಸಿ ಎಂಬ ಆಜ್ಞೆ ಬಂತು, ಆಮೇಲೆ ಅದು ಬೇರೆ ನಗರಗಳಿಗೂ ಹಬ್ಬಿತು. ಅನ್ನದ ಮೊಕದ್ದಮೆಯ ಹೊಟ್ಟೆಯಿಂದ ಸೂರಿನ ಹಕ್ಕು ಹುಟ್ಟಿತು. ಹಸಿದವನಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ಅವನಿಗೆ ಎರಡೂ ಒಂದೇ.

ಅದೇ 2010ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಏನಾಯಿತು? ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಜನ ‘ಬೆಗ್ಗರ್ಸ್ ಕಾಲೊನಿ’ ಅನ್ನುವ ಜಾಗದಲ್ಲಿ, ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಚಳಿಗಲ್ಲ, ಮಳೆಗಲ್ಲ. ಸರ್ಕಾರದ ಚಾವಣಿಯ ಕೆಳಗೆ, ಸರ್ಕಾರದ ಬೀಗದ ಒಳಗೆ. ದೆಹಲಿಯಲ್ಲಿ ಸೂರಿಲ್ಲದೆ ಸಾವು, ಬೆಂಗಳೂರಿನಲ್ಲಿ ಸೂರಿನೊಳಗೇ ಸಾವು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವನಿಗೆ ಚಾವಣಿ ಒಂದೇ ಸಾಲದು ಅನ್ನೋದು ಅರ್ಥವಾಗುತ್ತದೆ. ಬಾಗಿಲ ಚಿಲಕ ಯಾವ ಕಡೆಗಿದೆ ಅನ್ನುವುದೇ ಮುಖ್ಯ.

2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಕೋರ್ಟಿನ ಮಾತನ್ನು ಅಳತೆಗೆ ಇಳಿಸಿತು. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ವಸತಿ. ತಲೆಗೆ ಐವತ್ತು ಚದರ ಅಡಿ ಜಾಗ. ನೀರು, ಕಕ್ಕಸು, ದೀಪ. ಹಗಲೂ ರಾತ್ರಿ, ಎಲ್ಲ ಕಾಲದಲ್ಲೂ ತೆರೆದಿರಬೇಕು. ಆದರೆ ಅಳತೆ ಕಾಗದದ ಮೇಲಿತ್ತು, ನೆಲದ ಮೇಲೆ ಇರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು, ಕೊಟ್ಟ ಹಣ ಎಲ್ಲಿ ಹೋಯಿತು, ವಸತಿಗಳು ಯಾಕೆ ಆಗಲಿಲ್ಲ ಅಂತ ನೋಡಲು ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ನೇಮಿಸಬೇಕಾಯಿತು. 2018ರಲ್ಲಿ ದೆಹಲಿ ಹೈಕೋರ್ಟು, 1959ರ ಬಾಂಬೆ ಕಾಯ್ದೆಯ ಪ್ರಕಾರ ದೆಹಲಿಯಲ್ಲಿ ಭಿಕ್ಷೆ ಬೇಡುವುದನ್ನು ಅಪರಾಧ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ತಳ್ಳಿಹಾಕಿತು. ಒಂದು ಬೀಗ ಮುರಿಯಲು ಅರವತ್ತು ವರ್ಷ ಹಿಡಿಯಿತು.

ಹಣವಿಲ್ಲ, ಜಾಗವಿಲ್ಲ ಅಂತ ನಗರಪಾಲಿಕೆಗಳು ಹಾಡುವ ಹಾಡು ಎಷ್ಟು ಸುಳ್ಳು ಅನ್ನುವುದನ್ನು 2020 ತೋರಿಸಿತು. ಲಾಕ್‌ಡೌನ್ ಹೇರಿದ ಒಂದೇ ವಾರದಲ್ಲಿ ದೇಶದಲ್ಲಿ 21 ಸಾವಿರ ಪರಿಹಾರ ಶಿಬಿರ ತೆರೆದಿದ್ದೇವೆ, ಆರೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಆಸರೆ ಕೊಟ್ಟಿದ್ದೇವೆ ಅಂತ ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೇಳಿತು. ಶಾಲೆ, ಸಮುದಾಯ ಭವನಗಳ ಬಾಗಿಲು ತೆರೆದವು. ಇಷ್ಟು ಜಾಗ ಇಷ್ಟು ವರ್ಷ ಎಲ್ಲಿತ್ತು? ರೋಗ ಬೀದಿಯಿಂದ ಬಂಗಲೆಗೆ ಹತ್ತೀತು ಅನ್ನುವ ಹೆದರಿಕೆ ಬಂದಾಗ ಜಾಗ ಹುಟ್ಟಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ವಲಸೆ ಕೂಲಿಗಳು ಊರಿಗೆ ಹೋಗುತ್ತೇವೆ ಅಂದರು. ಕಟ್ಟಡ ಕಟ್ಟಿಸುವ ಧಣಿಗಳ ಜೊತೆ ಸಭೆ ನಡೆಸಿದ ಕರ್ನಾಟಕ ಸರ್ಕಾರ ಅವರ ರೈಲುಗಳನ್ನೇ ರದ್ದು ಮಾಡಿತು. ದೇಶವೆಲ್ಲ ಬೈದ ಮೇಲೆ ಮತ್ತೆ ಬಿಟ್ಟಿತು. 1981ರಲ್ಲಿ ಮುಂಬಯಿ ಸರ್ಕಾರ ಕೂಲಿಯನ್ನು ಬಲವಂತವಾಗಿ ಬಸ್ಸಿಗೆ ಹತ್ತಿಸಿತು, 2020ರಲ್ಲಿ ಬೆಂಗಳೂರು ಸರ್ಕಾರ ಬಲವಂತವಾಗಿ ರೈಲು ಹತ್ತದಂತೆ ತಡೆಯಿತು. ಎರಡರ ಅರ್ಥ ಒಂದೇ: ನಗರಕ್ಕೆ ನಮ್ಮ ರಟ್ಟೆ ಬೇಕು, ನಾವು ಬೇಡ.

2023ರಲ್ಲಿ, ಜಿ-20 ಸಭೆಗೆ ದೆಹಲಿ ಮತ್ತೆ ಸಿಂಗಾರವಾಗುತ್ತಿದ್ದ ವರ್ಷ, ಸರಾಯ್ ಕಾಲೇ ಖಾನ್‌ನ ರಾತ್ರಿ ವಸತಿಯನ್ನು ಕೆಡವಿದರು. 2025ರ ಫೆಬ್ರವರಿಯಲ್ಲಿ, ಸೂರಿಲ್ಲದವರ ಮೊಕದ್ದಮೆಯ ವಿಚಾರಣೆಯಲ್ಲೇ, ಚುನಾವಣೆಯ ಉಚಿತ ಕೊಡುಗೆಗಳ ಮಾತು ತೆಗೆದು, ನಾವು ಪರಾವಲಂಬಿಗಳ ವರ್ಗವೊಂದನ್ನು ಸೃಷ್ಟಿಸುತ್ತಿಲ್ಲವೇ ಅಂತ ಸುಪ್ರೀಂ ಕೋರ್ಟಿನ ಪೀಠ ಕೇಳಿತು. ನಾವೂ ಕೇಳುತ್ತೇವೆ: ಯಾರು ಯಾರ ಮೇಲೆ ಬದುಕುತ್ತಿದ್ದಾರೆ? ಇಟ್ಟಿಗೆ ಹೊತ್ತವರು, ಚರಂಡಿಗೆ ಇಳಿದವರು, ಮಾರ್ಕೆಟ್ಟಿನಲ್ಲಿ ಮೂಟೆ ಎತ್ತಿದವರು, ಮದುವೆ ಮನೆಯ ಎಂಜಲೆಲೆ ಬಳಿದವರು ಆ ರಾತ್ರಿ ಮಲಗುವುದು ತಾವೇ ಕಟ್ಟಿದ ಗೋಡೆಯ ಹೊರಗೆ. ಗೋಡೆಯ ಒಳಗಿರುವವರು ಅವರನ್ನು ಪರಾವಲಂಬಿ ಅನ್ನಬೇಕೇ?

ಹಾಗಾದರೆ ನಾವೇನು ಮಾಡಬೇಕು? ರಾತ್ರಿ ವಸತಿ ಮನೆಯಲ್ಲ, ಭೂಮಿಯಲ್ಲ. ಅದು ಸಿಕ್ಕ ಮಾತ್ರಕ್ಕೆ ಹೋರಾಟ ಮುಗಿಯುವುದಿಲ್ಲ. ಆದರೆ ಇವತ್ತಿನ ರಾತ್ರಿ ಬದುಕಿ ಉಳಿದವನು ಮಾತ್ರ ನಾಳೆ ಭೂಮಿ ಕೇಳಬಲ್ಲ. ನಮ್ಮ ಪಟ್ಟಣದ ಜನಸಂಖ್ಯೆ ಎಷ್ಟು, ಲಕ್ಷಕ್ಕೆ ಒಂದರಂತೆ ಎಷ್ಟು ವಸತಿ ಇರಬೇಕಿತ್ತು, ಎಷ್ಟಿವೆ ಅಂತ ನಗರಸಭೆಯಲ್ಲಿ ಕೇಳೋಣ. ಅದು ಕೂಲಿ ಸಿಗುವ ಅಡ್ಡೆಯ ಹತ್ತಿರ ಇದೆಯೋ, ಊರಾಚೆ ಇದೆಯೋ ನೋಡೋಣ. ಗುರುತಿನ ಚೀಟಿ ಕೇಳಿ ವಾಪಸ್ಸು ಕಳಿಸುತ್ತಾರಾ, ಗಂಡ ಹೆಂಡತಿ ಮಕ್ಕಳನ್ನು ಬೇರೆಬೇರೆ ಮಾಡುತ್ತಾರಾ, ಹೆಂಗಸರಿಗೆ ಕಕ್ಕಸಿದೆಯಾ, ಗಂಟುಮೂಟೆ ಇಡಲು ಜಾಗವಿದೆಯಾ ಅಂತ ವಿದ್ಯಾರ್ಥಿ ಗೆಳೆಯರು ಒಂದು ರಾತ್ರಿ ಹೋಗಿ ನೋಡಲಿ. ಹಳ್ಳಿಯ ಮೇಷ್ಟ್ರುಗಳ ಹಾಜರಿ ಪುಸ್ತಕದಲ್ಲಿ ಗುಳೆ ಹೋದ ಮಕ್ಕಳ ಹೆಸರಿನ ಮುಂದೆ ‘ಗೈರುಹಾಜರಿ’ ಅಂತ ಇರುತ್ತದೆ. ಆ ಮಗು ಇವತ್ತು ಯಾವ ನಗರದಲ್ಲಿ, ಯಾವ ಚಾವಣಿಯ ಕೆಳಗೆ ಮಲಗಿದೆ ಅಂತ ಮೇಷ್ಟ್ರು ಒಂದು ಸಾಲು ಬರೆದಿಡಲಿ. ಒಂದು ರಾತ್ರಿಯ ಜನಗಣತಿಗೆ ಸಿಗದ ಲೆಕ್ಕ ಆ ಸಾಲುಗಳಲ್ಲಿ ಸಿಗುತ್ತದೆ.

ಮಹಾಡದ ಕೆರೆಯ ನೀರನ್ನು ನಮ್ಮವರು ದಾನವಾಗಿ ಕೇಳಲಿಲ್ಲ. ಸಾರ್ವಜನಿಕ ಹಣದ ಕೆರೆ, ನಮ್ಮದೂ ಹೌದು ಅಂತ ಇಳಿದು ಬೊಗಸೆಯೊಡ್ಡಿ ಕುಡಿದರು. ಸೂರನ್ನೂ ಹಾಗೆಯೇ ಕೇಳಬೇಕು. ಹೊರಗೆ ನಿಲ್ಲಿಸುವ ಬೀಗವೂ ಬೇಡ, ಒಳಗೆ ಕೂಡಿಹಾಕುವ ಬೀಗವೂ ಬೇಡ.